ಕಲ್ಲಂಗಡಿ ಎಲ್ಲಿತ್ತು?



ಮೊದಲಿಗೆ ಒಂದು ಪದದ ಜಗಳ ಹೇಳಿಬಿಡುತ್ತೇನೆ. ನಾನು ಐದನೆಯ ತರಗತಿಯಲ್ಲಿದ್ದಾಗ, 1970ರ ಸುಮಾರಿಗೆ, ನಮ್ಮೂರ ಕನ್ನಡ ಶಾಲೆಗೆ ಬಳ್ಳಾರಿ ಕಡೆಯ ಮೇಷ್ಟ್ರೊಬ್ಬರು ಹೊಸದಾಗಿ ಬಂದಿದ್ದರು. ಬೇಸಿಗೆಯ ಹಣ್ಣುಗಳ ಪಾಠ ನಡೆದಿತ್ತು. “ಕಲ್ಲಂಗಡಿಯನ್ನು ಯಾರು ಯಾರು ನೋಡಿದ್ದೀರಿ?” ಎಂದು ಕೇಳಿದರು. ತರಗತಿಯೆಲ್ಲ ಕೈ ಎತ್ತಿತು. “ಎಲ್ಲಿ ನೋಡಿದಿರಿ?” ಎಂದರೆ ಮುಂದಿನ ಸಾಲಿನ ಹುಡುಗ ಎದ್ದು ನಿಂತು, “ವಂಕದ ದಂಡ್ಯಾಗ ಸಾರ್, ನಮ್ಮಪ್ಪ ದಿನಾ ಹೋಗ್ತಾನ” ಎಂದ. ಮೇಷ್ಟ್ರಿಗೆ ನಾವು ನಕ್ಕಿದ್ದೇಕೆಂದು ತಿಳಿಯಲು ಒಂದು ವಾರ ಹಿಡಿಯಿತು.

ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಲ್ಲು ತೆಲುಗಿನವರಿಗೆ ರಾಯಿ. ಅವರ ಕಲ್ಲು ನಮಗೆ ಹೆಂಡ. ಹಳೆಯ ಕನ್ನಡದಲ್ಲಿಯೂ ಕಳ್ಳು ಎಂಬ ಮಾತಿದೆ, ಆದರೆ ನಮ್ಮ ಕಡೆ ಅದನ್ನು ಆಡುವವರು ಕಡಿಮೆ. ತುಂಗಭದ್ರೆ ದಾಟಿ ರಾಯಚೂರಿನ ದಿಕ್ಕಿಗೆ ಹೋದರೆ ಅದೇ ವಸ್ತು ಸೇಂದಿಯಾಗುತ್ತದೆ. ಹಗರಿ ದಾಟಿ ಬಳ್ಳಾರಿಯ ಕಡೆ ಹೋದರೆ ಹೆಂಡ. ಆಲೂರು, ಹಾಲಹರವಿ, ಹೊಳಗುಂದ, ಕೌತಾಳಂ, ಕೋಸಿಗಿಯ ನಮ್ಮಂಥವರು ಮೂರು ಹೆಸರನ್ನೂ ಬಲ್ಲವರು. ಬಂದವರ ಭಾಷೆ ನೋಡಿ ಹೆಸರು ಬದಲಿಸುವವರು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಮುಚ್ಚಿಹೋದ ಪಬ್ಬುಗಳನ್ನು ಜನ ನೆನೆದು ಪಟ್ಟಿ ಮಾಡಿಡುತ್ತಾರಂತೆ. ಅಲ್ಲಿ ಪಬ್ಬು ಎಂದರೆ ಕುಡಿಯುವ ಮನೆ, ಊರವರು ಸಂಜೆ ಸೇರುವ ಕಟ್ಟೆ. ಕೆಂಪು ಸಿಂಹ, ಕಿರೀಟ ಎಂದೆಲ್ಲ ಅವಕ್ಕೆ ಹೆಸರುಂಟು, ಬಾಗಿಲ ಮೇಲೆ ಬಣ್ಣದ ಬೋರ್ಡುಂಟು. ಆದ್ದರಿಂದ ಮುಚ್ಚಿದ ಮೇಲೂ ಗುರುತು ಉಳಿಯುತ್ತದೆ. ನಮ್ಮ ಕಲ್ಲಂಗಡಿಗೆ ಹೆಸರೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಈಚಲ ಗರಿಯ ಒಂದು ಚಪ್ಪರ, ಮಣ್ಣಿನ ನೆಲ, ಸಾಲಾಗಿ ಗಡಿಗೆಗಳು. ಚಪ್ಪರ ಬಿದ್ದ ಮರುವರ್ಷ ಅಲ್ಲಿ ಏನಿತ್ತೆಂದು ಹೇಳುವುದಕ್ಕೆ ಒಂದು ಇಟ್ಟಿಗೆಯೂ ಸಿಗದು. ಅದಕ್ಕೇ ಬರೆದಿಡೋಣ ಎನಿಸಿತು. ನಮ್ಮೂರು ಆಲೂರು ತಾಲೂಕಿನದು. ಊರ ಹೆಸರು ಬಿಟ್ಟಿದ್ದೇನೆ. ಗಡಿಗೆ ಹೊತ್ತವರ ಮೊಮ್ಮಕ್ಕಳೂ ಕುಡಿದವರ ಮೊಮ್ಮಕ್ಕಳೂ ಈಗಲೂ ಅಲ್ಲೇ ಇದ್ದಾರೆ, ಅವರಲ್ಲಿ ನನ್ನ ನೆಂಟರೇ ಹೆಚ್ಚು.

ಅಂಗಡಿ ವಂಕದ ದಂಡೆಯಲ್ಲೇ ಏಕಿತ್ತು ಎಂಬುದಕ್ಕೆ ಕಾರಣವಿದೆ. ಈಚಲ ಮರ ಹಳ್ಳದ ತಂಪು ಹುಡುಕಿ ಬೆಳೆಯುತ್ತದೆ. ಈಡಿಗರು ಚಳಿಗಾಲ ಹತ್ತಿರವಾದಂತೆ ಮರದ ತಲೆಯ ಒಂದು ಪಕ್ಕದ ಗರಿಗಳನ್ನು ಸವರಿ, ಎಳೆಯ ಭಾಗವನ್ನು ಹೆರೆದು, ಕಚ್ಚು ಹಾಕಿ, ಸಂಜೆ ಗಡಿಗೆ ಕಟ್ಟಿ ಬೆಳಗಿನ ಜಾವ ಇಳಿಸುತ್ತಿದ್ದರು. ಸುಣ್ಣ ಬಳಿದ ಗಡಿಗೆಯಲ್ಲಿ ಇಳಿಸಿದರೆ ಅದು ನೀರಾ, ಮಕ್ಕಳೂ ಕುಡಿಯಬಹುದು. ಸುಣ್ಣವಿಲ್ಲದಿದ್ದರೆ ಹೊತ್ತು ಏರಿದಂತೆ ಹುಳಿ ಏರುತ್ತದೆ. ಬೆಳಿಗ್ಗೆ ಸಿಹಿ, ಮಧ್ಯಾಹ್ನ ಹುಳಿ, ಸಂಜೆಗೆ ಮತ್ತು. ಮರುದಿನಕ್ಕೆ ಇಟ್ಟರೆ ಮೂಗು ಮುಚ್ಚಿಕೊಳ್ಳಬೇಕು. ಇಳಿಸಿದ್ದನ್ನು ಅಂದೇ ಮಾರಬೇಕು, ದೂರ ಸಾಗಿಸುವಂತಿಲ್ಲ. ಹೀಗಾಗಿ ಎಲ್ಲಿ ಈಚಲ ಬನವೋ ಅಲ್ಲೇ ಅಂಗಡಿ, ಎಷ್ಟು ಮರವೋ ಅಷ್ಟೇ ಕುಡಿತ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೂಲಿಯ ಶನಿವಾರ ಸಂಜೆ ಅಪ್ಪನನ್ನು ಕರೆತರಲು ಅವ್ವ ನನ್ನನ್ನು ಕಳಿಸುತ್ತಿದ್ದಳು. ಸುಳ್ಳೇಕೆ ಹೇಳಲಿ, ನನಗೆ ಆ ಜಾಗ ಇಷ್ಟವಾಗಿತ್ತು. ಮುತ್ತುಗದ ಎಲೆಯಲ್ಲಿ ಗುಗ್ಗರಿ ಕೊಡುತ್ತಿದ್ದರು. ಬೋಟಿ ಹುರಿಯುವ ವಾಸನೆ, ಹಸಿಮೆಣಸಿನಕಾಯಿ ಬಜ್ಜಿ, ಸುಟ್ಟ ಶೇಂಗಾ. ಹತ್ತಿಯ ದರ ಆದೋನಿಯಲ್ಲಿ ಇವತ್ತು ಎಷ್ಟು, ಯಾವ ಜಿನ್ನಿಂಗ್ ಮಿಲ್ಲಿನಲ್ಲಿ ತೂಕ ಸರಿ, ಯಾರ ಎತ್ತು ಮಾರಾಟಕ್ಕಿದೆ, ಎಲ್ಲ ಸುದ್ದಿ ಅಲ್ಲಿ ಮೊದಲು. ಆದೋನಿಯನ್ನು ಎರಡನೆಯ ಬೊಂಬಾಯಿ ಎನ್ನುತ್ತಿದ್ದ ಕಾಲ ಅದು. ಕನ್ನಡದಲ್ಲಿ ಶುರುವಾದ ಮಾತು ಎರಡನೆಯ ಮುಂತಕ್ಕೆ ತೆಲುಗಾಗುತ್ತಿತ್ತು, ಬೈಗುಳಕ್ಕೆ ಬಂದಾಗ ಮತ್ತೆ ಕನ್ನಡ. ಗಡಿ ಯಾವ ಕಡೆ ಇರಬೇಕಿತ್ತು ಎಂಬ ವಾದವೂ ಅಲ್ಲೇ ನಡೆಯುತ್ತಿತ್ತು. ಅಂಗಡಿ ನಡೆಸುತ್ತಿದ್ದ ಈಡಿಗರ ತಾತ ಎರಡೂ ಪಕ್ಷಕ್ಕೆ ತಲೆ ಆಡಿಸುತ್ತಿದ್ದ.

ಆದರೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತಿದ್ದರೆಂದು ತಿಳಿಯಬೇಡಿ. ಹರಿಜನಕೇರಿಯವರು ಚಪ್ಪರದ ಹೊರಗೆ, ವಂಕದ ಇಳಿಜಾರಿನಲ್ಲಿ ಕೂಡಬೇಕಿತ್ತು. ಅವರಿಗೆ ಮುಂತ ಕೊಡುತ್ತಿರಲಿಲ್ಲ. ಎತ್ತರದಿಂದ ಬೊಗಸೆಗೆ ಸುರಿಯುತ್ತಿದ್ದರು. ಒಳಗೆ ಕೂತವರ ಕಾಸೂ ಹೊರಗೆ ಕೂತವರ ಕಾಸೂ ಒಂದೇ ಡಬ್ಬಿಗೆ ಬೀಳುತ್ತಿತ್ತು. ಹಳೆಯ ಅಂಗಡಿಯನ್ನು ಹಾಡಿ ಹೊಗಳುವವರು ಇದನ್ನು ಮರೆಯುತ್ತಾರೆ.

ಈ ಕಸುಬು ಎಷ್ಟು ಹಳೆಯದು ಎಂದರೆ, 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದಾನೆ. ಹೆಸರೇ ಕಾಯಕವನ್ನು ಹೇಳುತ್ತದೆ. ಮಾರುವ ಹೆಂಡವನ್ನೇ ಉಪಮಾನ ಮಾಡಿಕೊಂಡು ಆತ ಭಕ್ತಿಯ ಮಾತಾಡಿದ. ಸರ್ಕಾರದ ಕೈ ಗಡಿಗೆಯೊಳಗೆ ಬಲವಾಗಿ ಇಳಿದದ್ದು ಬ್ರಿಟಿಷರ ಕಾಲದಲ್ಲಿ. 1886ರ ಮದ್ರಾಸ್ ಅಬಕಾರಿ ಕಾಯ್ದೆ ಬಂದ ಮೇಲೆ ಇಂಥ ಮರ ಇಂಥವರು ಇಳಿಸಬೇಕು, ಇಂಥ ಅಂಗಡಿ ಇಂಥವರು ನಡೆಸಬೇಕು, ಮರಕ್ಕೆ ಇಷ್ಟು ತೆರಿಗೆ, ಅಂಗಡಿಗೆ ಇಷ್ಟು ಹರಾಜು ಎಂದು ಲೆಕ್ಕ ಕೂತಿತು. ನಮ್ಮವರು ಆ ಹರಾಜನ್ನು ‘ಪಾಟ’ ಎನ್ನುತ್ತಿದ್ದರು. ಗಾಂಧೀಜಿಯ ಅಸಹಕಾರದ ದಿನಗಳಲ್ಲಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆದದ್ದು ಕುಡಿತದ ವಿರುದ್ಧ ಎಷ್ಟೋ, ಈ ಆದಾಯದ ವಿರುದ್ಧವೂ ಅಷ್ಟೇ.

1937ರಲ್ಲಿ ರಾಜಾಜಿಯವರು ಮದ್ರಾಸ್ ಪ್ರಾಂತದ ಪ್ರಧಾನಿಯಾಗಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಯುದ್ಧ ಮುಗಿದ ಮೇಲೆ ಅದು ಬೇರೆ ಜಿಲ್ಲೆಗಳಿಗೂ ಹಬ್ಬಿ, 1948ರ ಹೊತ್ತಿಗೆ ಇಡೀ ಪ್ರಾಂತ ಒಣಗಿತು. ಆಗ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯ ತಾಲೂಕುಗಳು, ಬಳ್ಳಾರಿ ಮದ್ರಾಸಿನದು. ಆದರೆ ತುಂಗಭದ್ರೆಯ ಆಚೆ ದಂಡೆ ಹೈದರಾಬಾದಿನದು, ಅಲ್ಲಿ ನಿಷೇಧವಿಲ್ಲ. ಬೇಸಿಗೆಯಲ್ಲಿ ಹೊಳೆ ಮೊಣಕಾಲಿಗೆ ಇಳಿದಾಗ ಮಂತ್ರಾಲಯ, ಕೌತಾಳದ ಕಡೆಯ ಗಂಡಸರು ಧೋತ್ರ ಎತ್ತಿ ಕಟ್ಟಿ ಆ ದಡಕ್ಕೆ ಹೋಗಿ ಸೇಂದಿ ಕುಡಿದು ಬರುತ್ತಿದ್ದರೆಂದು ನಮ್ಮ ತಾತ ಹೇಳುತ್ತಿದ್ದ. ಹೋಗುವಾಗ ಹೊಳೆ ಸಣ್ಣದು, ಬರುವಾಗ ದೊಡ್ಡದು ಎಂದು ನಗುತ್ತಿದ್ದ. ಆ ಕಡೆ ಹೋಗಿ ಬಂದ ನೆಂಟರ ಲೆಕ್ಕದಲ್ಲಿ ತಾನೂ ಇದ್ದನೋ ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆದು, ಆದೋನಿ, ಆಲೂರು, ರಾಯದುರ್ಗ ಈ ಕಡೆಗೆ ಬಂದವು, ಉಳಿದದ್ದು ಮೈಸೂರಿಗೆ ಹೋಯಿತು. ಅಂದು ಕರ್ನೂಲೇ ರಾಜಧಾನಿ. ಡೇರೆ ಹಾಕಿ ಕಚೇರಿ ನಡೆಸಿದ ಕಾಲ. ಆ ಡೇರೆಗಳ ರಾಜಧಾನಿಯಲ್ಲಿ ಒಂದು ಸರ್ಕಾರ ಬಿದ್ದದ್ದು ಯಾವುದರ ಮೇಲೆ ಎಂದು ನಮ್ಮ ಹುಡುಗರಿಗೆ ಕೇಳಿ ನೋಡಿ, ಒಬ್ಬರೂ ಹೇಳಲಾರರು. ಬಿದ್ದದ್ದು ಹೆಂಡದ ಗಡಿಗೆಯ ಮೇಲೆ. ಪಾನನಿಷೇಧದಿಂದ ಮರ ಇಳಿಸುವವರ ಬದುಕು ಕೆಟ್ಟಿತ್ತು, ಕದ್ದು ಕಾಯಿಸುವುದು ಹೆಚ್ಚಿತ್ತು. ಎಸ್. ವಿ. ರಾಮಮೂರ್ತಿಯವರ ಸಮಿತಿ ನಿಷೇಧ ತೆಗೆಯಿರಿ ಎಂದು ಹೇಳಿತು. ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಒಪ್ಪಲಿಲ್ಲ. ಗೌತು ಲಚ್ಚನ್ನನವರು ಹೆಂಡ ಇಳಿಸುವವರ ಪರವಾಗಿ ನಿಂತರು. 1954ರ ನವೆಂಬರಿನಲ್ಲಿ ಅವಿಶ್ವಾಸ ನಿರ್ಣಯ ಬಂದು ಒಂದೇ ಮತದಿಂದ ಪ್ರಕಾಶಂ ಸರ್ಕಾರ ಉರುಳಿತು. ಆಂಧ್ರದ ಮೊದಲ ಸರ್ಕಾರ, ಕರ್ನೂಲಿನಲ್ಲಿ, ಹದಿನಾಲ್ಕು ತಿಂಗಳೊಳಗೆ ಹೋಯಿತು. ಸರ್ಕಾರ ಹೋದರೂ ನಿಷೇಧ ಕೂಡಲೇ ಹೋಗಲಿಲ್ಲ. 1960ರ ದಶಕ ಮುಗಿಯುವ ಹೊತ್ತಿಗೆ ಅಂಗಡಿಗಳು ಮತ್ತೆ ತೆರೆದವು. ಎಂದರೆ, ನಾನು ಐದನೆಯ ತರಗತಿಯಲ್ಲಿ ಕಂಡ ಚಪ್ಪರ ಹೊಚ್ಚ ಹೊಸದು, ಆ ಜಾಗ ಮಾತ್ರ ಹಳೆಯದು.

ಇನ್ನು ಅದು ಸತ್ತ ಕಥೆ. ನಿಷೇಧ ಅದನ್ನು ಕೊಂದಿತೆಂದು ಬಹಳ ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಕೊಂದದ್ದು ಸಾರಾಯಿ.

ಮೊದಲು ಹೇಳಿದ ಮಾತನ್ನು ಈಗ ತೆಗೆಯಿರಿ. ಹೆಂಡಕ್ಕೆ ಮರ ಬೇಕು, ಮರಕ್ಕೆ ಹಳ್ಳ ಬೇಕು, ದಿನವೂ ಏರುವ ಮನುಷ್ಯ ಬೇಕು. ಸಾರಾಯಿಗೆ ಇವು ಯಾವುವೂ ಬೇಡ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಎಲ್ಲೋ ದೂರದ ಡಿಸ್ಟಿಲರಿಯಲ್ಲಿ ತಯಾರಾಗಿ ಲಾರಿಯಲ್ಲಿ ಬರುತ್ತದೆ, ವರ್ಷವಾದರೂ ಕೆಡುವುದಿಲ್ಲ. ಹರಾಜು ಕೂಗುವ ಸರ್ಕಾರಕ್ಕೆ ಯಾವುದು ಹಿತ, ನೀವೇ ಹೇಳಿ. 1980ರ ದಶಕದಲ್ಲಿ ವರುಣ ವಾಹಿನಿ ಎಂಬ ಹೆಸರಿನಲ್ಲಿ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರತೊಡಗಿತು. ಕುಡುಕ ಅಂಗಡಿಗೆ ಹೋಗುವುದು ತಪ್ಪಿ ಅಂಗಡಿಯೇ ಅವನ ಬಳಿಗೆ ಬಂತು. ಬೀಡಿ ಅಂಗಡಿಯಲ್ಲಿ, ಹೊಲದ ಬದುವಿನಲ್ಲಿ, ಸೈಕಲ್ಲಿನ ಚೀಲದಲ್ಲಿ ಎಲ್ಲೆಲ್ಲೂ ಪ್ಯಾಕೆಟ್. ಹಲ್ಲಿನಿಂದ ಮೂಲೆ ಕಚ್ಚಿ ಹೀರಿ ಎಸೆದರೆ ಮುಗಿಯಿತು. ಕೂತು ಮಾತಾಡುವ ಮಾತಿಲ್ಲ, ಗುಗ್ಗರಿಯಿಲ್ಲ. ಹೆಂಡದ ಅಂಗಡಿಯವರು ಪೈಪೋಟಿಗೆ ಬಿದ್ದು, ಹಲವು ಕಡೆ ಗಡಿಗೆಗೆ ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ಪುಡಿ ಬೆರೆಸತೊಡಗಿದರು. ಕುಡಿದವರು ಬಿಡಲಾರದೆ, ಬಿಟ್ಟರೆ ಕೈಕಾಲು ನಡುಗಿ ಒದ್ದಾಡಿದ್ದು ಆಗಲೇ. ಅದು ಹೆಂಡವೇ ಅಲ್ಲ, ಅದರ ಹೆಸರಿಟ್ಟುಕೊಂಡ ನೀರು.

ಆ ವರ್ಷಗಳಲ್ಲಿ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದೆ. ಸಂತೆಯ ಮರುದಿನ ಸಾರಾಯಿ ಗುತ್ತೇದಾರರ ಗುಮಾಸ್ತ ಗೋಣಿಚೀಲದಲ್ಲಿ ಹಣ ತರುತ್ತಿದ್ದ. ಒಂದು, ಎರಡು, ಐದರ ನೋಟು, ಉಳಿದದ್ದು ಚಿಲ್ಲರೆ. ನೋಟುಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಎಣಿಸಿ ಮುಗಿಸಿದ ಮೇಲೆ ಮಧ್ಯಾಹ್ನದ ಬುತ್ತಿ ತಿನ್ನಲು ಕೈ ಎರಡು ಸಲ ತೊಳೆಯುತ್ತಿದ್ದೆ. ಆ ನೋಟುಗಳು ಯಾವ ಮನೆಯವು ಎಂದು ನನಗೆ ಗೊತ್ತಿತ್ತು. ಹಿಂದಿನ ವಾರ ಕೂಲಿ ಬಟವಾಡೆಗೆ ನಾನೇ ಕೌಂಟರಿನಿಂದ ಕೊಟ್ಟವು. ಆಂಧ್ರ ಪ್ರದೇಶ ಸರ್ಕಾರಕ್ಕೆ 1970–71ರಲ್ಲಿ 39 ಕೋಟಿ ರೂಪಾಯಿ ತಂದ ಅಬಕಾರಿ 1991–92ರ ಹೊತ್ತಿಗೆ 800 ಕೋಟಿ ದಾಟಿತ್ತು. ಆ ದೊಡ್ಡ ಅಂಕಿಯ ಒಂದು ಗೋಣಿಚೀಲ ನನ್ನ ಕೈಯಲ್ಲಿ ಹಾದುಹೋಯಿತು.

1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅಕ್ಷರ ಕಲಿಯಲು ರಾತ್ರಿ ಶಾಲೆಗೆ ಹೋದವರು, ಅಲ್ಲಿನ ಪಾಠದಲ್ಲಿ ತಮ್ಮ ಮನೆಯ ಕಥೆಯನ್ನೇ ಓದಿದವರು. ದೂಬಗುಂಟ ರೋಸಮ್ಮನ ಹೆಸರು ರಾಜ್ಯವೆಲ್ಲ ಕೇಳಿತು. ಹರಾಜು ನಡೆಯದಂತೆ ಕಚೇರಿಗಳ ಮುಂದೆ ಹೆಂಗಸರು ಕೂತರು. ಚಳವಳಿ ನಮ್ಮ ರಾಯಲಸೀಮೆಗೂ ಬಂತು. ನಮ್ಮೂರಲ್ಲಿ ದೊಡ್ಡ ಸಭೆಯೇನೂ ಆಗಲಿಲ್ಲ. ಒಂದು ಸಂಜೆ ಹತ್ತು ಹದಿನೈದು ಜನ ಹೆಂಗಸರು ಪೊರಕೆ ಹಿಡಿದು ಹೋಗಿ ಪ್ಯಾಕೆಟ್ ಚೀಲಗಳನ್ನು ಬಾವಿಗಲ್ಲ, ತಿಪ್ಪೆಗೆ ಸುರಿದರು. ಬಾವಿಗೆ ಹಾಕಿದರೆ ನೀರು ಕೆಡುತ್ತದೆ ಎಂದು ಮೊದಲೇ ಮಾತಾಡಿಕೊಂಡಿದ್ದರಂತೆ.

1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಆಂಧ್ರ ರಾಜ್ಯ ಹುಟ್ಟಿ ಅಂದಿಗೆ ಸರಿಯಾಗಿ 40 ವರ್ಷ. ಮುಖ್ಯಮಂತ್ರಿ ಕೋಟ್ಲ ವಿಜಯಭಾಸ್ಕರ ರೆಡ್ಡಿ, ನಮ್ಮ ಕರ್ನೂಲು ಜಿಲ್ಲೆಯವರೇ. 1994ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಮರಳಿದ ಎನ್. ಟಿ. ರಾಮರಾವ್ ಪೂರ್ಣ ಪಾನನಿಷೇಧಕ್ಕೆ ಸಹಿ ಹಾಕಿದರು, 1995ರ ಜನವರಿಯಿಂದ ಅದು ಜಾರಿಗೆ ಬಂತು. ಆ ಕಾಯ್ದೆ ಮರದ ಹೆಂಡವನ್ನು ಮುಟ್ಟಲಿಲ್ಲ. ಇದನ್ನು ಗಮನಿಸಿ. ಕಾನೂನು ಬಿಟ್ಟುಕೊಟ್ಟಿದ್ದರೂ ನಮ್ಮ ವಂಕದ ದಂಡೆಯಲ್ಲಿ ಚಪ್ಪರ ಏಳಲಿಲ್ಲ. ಏರುವವರೇ ಉಳಿದಿರಲಿಲ್ಲ.

ಗೋಣಿಚೀಲ ಬರುವುದು ನಿಂತ ಮೇಲೆ ಕೌಂಟರಿಗೆ ಬೇರೆ ಹಣ ಬರತೊಡಗಿತು. ನೆಲ್ಲೂರಿನ ಹೆಂಗಸರು ದಿನಕ್ಕೊಂದು ರೂಪಾಯಿ ಕೂಡಿಸುವ ಪೊದುಪುಲಕ್ಷ್ಮಿ ಸಂಘಗಳನ್ನು ಕಟ್ಟಿದ್ದರು. ಅದರ ಗಾಳಿ ಇಲ್ಲಿಗೂ ಬೀಸಿ, ಸಂಘದ ಪಾಸ್‌ಬುಕ್ ಹಿಡಿದು ಐದಾರು ಜನ ಒಟ್ಟಿಗೆ ಬರುತ್ತಿದ್ದರು. ಸೆರಗಿನ ಗಂಟಿನಲ್ಲಿ ಕಟ್ಟಿದ ಒಣ ನೋಟು, ಒಣ ಚಿಲ್ಲರೆ. ಹೆಬ್ಬೆಟ್ಟಿನ ಡಬ್ಬಿ ಮುಂದೆ ಸರಿಸಿದರೆ ಹಿಂದಕ್ಕೆ ತಳ್ಳಿ, ತಿದ್ದಿ ತಿದ್ದಿ ಹೆಸರು ಬರೆಯುತ್ತಿದ್ದರು, ಕೆಲವರು ತೆಲುಗಿನಲ್ಲಿ, ಕೆಲವರು ಕನ್ನಡದಲ್ಲಿ. ಸಹಿಗೆ ಹೊತ್ತು ಹಿಡಿಯುತ್ತದೆಂದು ಸಾಲಿನಲ್ಲಿ ಹಿಂದೆ ನಿಂತ ಗಂಡಸರು ಗೊಣಗುತ್ತಿದ್ದರು. ನಾನು ಅವಸರಪಡಿಸಲಿಲ್ಲ.

ಈ ಬರಹದ ಮೊದಲ ಕರಡನ್ನು ನನ್ನ ಅಕ್ಕನಿಗೆ ಓದಿ ಹೇಳಿದೆ. ಗುಗ್ಗರಿ, ಬಜ್ಜಿಯ ಭಾಗಕ್ಕೆ ನಕ್ಕಳು. ಆಮೇಲೆ, “ಕಲ್ಲಂಗಡಿ ಎಲ್ಲಿತ್ತು ಅಂತ ಬರದಿ. ನಾ ಎಲ್ಲಿ ನಿಂತಿರ್ತಿದ್ದೆ ಅಂತ ಬರದಿಯೇನು?” ಎಂದಳು. ನನಗೆ ಗೊತ್ತೇ ಇರಲಿಲ್ಲ. ಅವ್ವ ನನ್ನನ್ನು ಚಪ್ಪರದೊಳಗೆ ಕಳಿಸಿದ ಮೇಲೆ ಅಕ್ಕನನ್ನು ಬಸವಣ್ಣನ ಗುಡಿಯ ಹಿಂದಿನ ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತಿದ್ದಳಂತೆ. ನಾನು ಗುಗ್ಗರಿಗೆ ಆಸೆಬಿದ್ದು ಅಲ್ಲೇ ಕೂತುಬಿಡುತ್ತೇನೆಂದು ಅವ್ವನಿಗೆ ಗೊತ್ತಿತ್ತು. ಅಪ್ಪ ಹೊರಬಂದ ಕೂಡಲೇ, ಮುಂದಿನ ಪ್ಯಾಕೆಟ್ಟಿನ ಕಾಲವಲ್ಲ ಅದು, ಆದರೂ ಉಳಿದ ಕೂಲಿ ಹಣವನ್ನು ಜೇಬಿನಿಂದ ತೆಗೆದುಕೊಂಡು ಓಡಬೇಕಾದದ್ದು ಅಕ್ಕ. ಕೆಲವು ಸಲ ಸಿಕ್ಕಿತು, ಕೆಲವು ಸಲ ಏಟು ಬಿತ್ತು. ಅವಳಿಗೆ ಆಗ 13 ವರ್ಷ. ಆ ಗಿಡದ ಕೆಳಗೆ ಅವಳೊಬ್ಬಳೇ ಇರುತ್ತಿರಲಿಲ್ಲ, ನಾಲ್ಕೈದು ಮನೆಯ ಹೆಣ್ಣುಮಕ್ಕಳು ಇರುತ್ತಿದ್ದರು. ಕುಂಟಾಟ ಆಡುತ್ತಾ ಒಂದು ಕಣ್ಣು ವಂಕದ ದಾರಿಯ ಮೇಲೆ ಇಟ್ಟಿರುತ್ತಿದ್ದರಂತೆ. ಸಾರಾಯಿಗಿಂತ ಹೆಂಡ ಎಷ್ಟೋ ವಾಸಿ ಎಂದು ಮೇಲೆ ಬರೆದೆನಲ್ಲ, ಅದನ್ನು ಅಕ್ಕನ ಮುಂದೆ ಗಟ್ಟಿಯಾಗಿ ಓದಲು ನನಗೆ ಬಾಯಿ ಬರಲಿಲ್ಲ. ಹಾಗೆಂದು ಅಳಿಸಿಯೂ ಇಲ್ಲ. ಅದೂ ನಿಜ, ಇದೂ ನಿಜ.

ಮುಂದಿನದು ನಿಮ್ಮ ಕಣ್ಣೆದುರಿನದೇ. 1995ರಿಂದ ಈ ಕಡೆ ಒಣಗಿದ್ದರೆ ಆ ಕಡೆ ಸಿರುಗುಪ್ಪ, ಬಳ್ಳಾರಿ, ರಾಯಚೂರು ಹಸಿಯಾಗಿಯೇ ಇದ್ದವು. ತಾತನ ಕಾಲದ ಹೊಳೆ ದಾಟುವ ಕಥೆ ಬಸ್ಸಿನಲ್ಲಿ ಮುಂದುವರಿಯಿತು. 1997ರಲ್ಲಿ ನಿಷೇಧ ಸಡಿಲವಾಯಿತು. 2007ರ ಜುಲೈ 1ರಿಂದ ಕರ್ನಾಟಕವೂ ಸಾರಾಯಿ ನಿಲ್ಲಿಸಿತು. 2019ರ ಅಕ್ಟೋಬರ್ 1ರಂದು, ಮತ್ತೆ ಅದೇ ತಾರೀಖು, ಆಂಧ್ರದಲ್ಲಿ ಮದ್ಯದಂಗಡಿಗಳನ್ನು ಸರ್ಕಾರವೇ ತೆಗೆದುಕೊಂಡು ದರ ಏರಿಸಿತು. ಕರ್ನಾಟಕದ ಟೆಟ್ರಾ ಪ್ಯಾಕೆಟ್ಟುಗಳು ಹಾಲಹರವಿ, ಹೊಳಗುಂದ, ಕೌತಾಳದ ಹೊಲದ ದಾರಿಗಳಲ್ಲಿ ಮೋಟಾರ್ ಸೈಕಲ್ ಏರಿ ಬಂದವು. 2024ರ ಅಕ್ಟೋಬರಿನಲ್ಲಿ ಅಂಗಡಿಗಳು ಮತ್ತೆ ಖಾಸಗಿಯವರಿಗೆ ಹೋದವು. ದಸರೆಗೆ ದೇವರಗಟ್ಟಿನ ಬನ್ನಿಯ ಮುಂಚೆ ಅಧಿಕಾರಿಗಳು ಮದ್ಯ ತಡೆಯಲು ಓಡಾಡುವುದನ್ನು ಪ್ರತಿ ವರ್ಷ ನೋಡುತ್ತೀರಿ. ಕುಡಿತ ಎಲ್ಲಿಗೂ ಹೋಗಿಲ್ಲ. ಕೂತು ಕುಡಿಯುವ ಜಾಗ ಹೋಗಿದೆ.

ಈಚಲ ಬನಗಳೂ ಹೋದವು. ತುಂಗಭದ್ರಾ ಕೆಳಮಟ್ಟದ ಕಾಲುವೆ ಬಂದ ಕಡೆ ಹಳ್ಳದ ದಂಡೆಯೆಲ್ಲ ಭತ್ತದ ಗದ್ದೆಯಾಯಿತು. ಕಾಲುವೆ ಬಾರದ ಕಡೆ ಬೋರ್‌ವೆಲ್ ಇಳಿದು ಹಳ್ಳ ಬತ್ತಿತು. ನಮ್ಮ ವಂಕದಲ್ಲಿ ಈಗ ಎರಡು ಮರಗಳಿವೆ. ಈಚಲ ಮರವನ್ನು ಒಂದು ವರ್ಷ ಒಂದು ಪಕ್ಕ ಕೊಯ್ದರೆ ಮರುವರ್ಷ ಎದುರು ಪಕ್ಕ ಕೊಯ್ಯುತ್ತಾರೆ. ಆ ಕಚ್ಚುಗಳು ಮರ ಬೆಳೆದಂತೆ ಮೆಟ್ಟಿಲಿನ ಹಾಗೆ ಕೆಳಗೇ ಉಳಿದುಕೊಳ್ಳುತ್ತವೆ, ಒಂದು ಮೆಟ್ಟಿಲಿಗೆ ಒಂದು ವರ್ಷ. ಹೋದ ಮಾರ್ಗಶಿರದಲ್ಲಿ ಈಡಿಗರ ತಾತನ ಮೊಮ್ಮಗನನ್ನು ಕರೆದುಕೊಂಡು ಹೋಗಿ ಎಣಿಸಿದೆ. ಅವನು ಬಳ್ಳಾರಿಯಲ್ಲಿ ಹೋಟೆಲ್ ಕೆಲಸಕ್ಕಿದ್ದಾನೆ, ಮರ ಏರಲು ಬಾರದು. ದೊಡ್ಡ ಮರಕ್ಕೆ ಒಂದು ಪಕ್ಕ ಹನ್ನೊಂದು, ಇನ್ನೊಂದು ಪಕ್ಕ ಹತ್ತು. ಅಲ್ಲಿಂದ ಮೇಲೆ ಬೊಡ್ಡೆ ನೆಟ್ಟಗೆ ಹೋಗಿದೆ. ತಾತನ ಮೋಕು ಮತ್ತು ಕತ್ತಿ ಅವರ ಮನೆಯ ಅಟ್ಟದ ಮೇಲಿವೆಯಂತೆ. ಬಸವಣ್ಣನ ಗುಡಿಯ ಹಿಂದಿನ ಬೇವಿನ ಗಿಡವೂ ಇದೆ, ಅದರ ಕೆಳಗೆ ಈಗ ಬಸ್ಸಿಗೆ ಕಾಯುತ್ತಾರೆ.